ಪೈಲಟ್ ಆಗಲು ನಾನು ಉಲ್ಟಾ ಹಿಡಿದ ದಾರಿ

ಪಿಯುಸಿಯಲ್ಲಿ ನಾನು ಓದಿದ್ದು ಅಕೌಂಟೆನ್ಸಿ. ತಿಪಟೂರಿನಲ್ಲಿ ಉಂಡೆ ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವನು ಇನ್ನೇನು ಓದಬೇಕು? ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. 2012ರಲ್ಲಿ ಕಾಮರ್ಸ್ ಪಿಯುಸಿ ಮುಗಿಸಿ, ಅಪ್ಪನ ಮಂಡಿಯ ಲೆಕ್ಕ ಬರೆಯುತ್ತಲೇ ಬಿಕಾಂ ಸೇರಿದೆ. ವಿಮಾನದ ಹುಚ್ಚು ಮಾತ್ರ ಮೊದಲಿಂದಲೂ ಇತ್ತು. ಯಲಹಂಕದ ಅತ್ತೆ ಮನೆಗೆ ಹೋಗುವಾಗ ಜಕ್ಕೂರು ಬಂತೆಂದರೆ ಬಸ್ಸಿನಲ್ಲಿ ಎದ್ದು ನಿಂತುಬಿಡುತ್ತಿದ್ದೆ, ಪುಟ್ಟ ವಿಮಾನ ಯಾವುದಾದರೂ ಕಾಣುತ್ತದಾ ಅಂತ.

2014ರಲ್ಲಿ ಏಜೆಂಟನೊಬ್ಬ ಸಿಕ್ಕಿದ. ವಿಮಾನ ಕಲಿಸುವ ಶಾಲೆಯಲ್ಲಿ ಸೀಟು ಕೊಡಿಸುತ್ತೇನೆ, 3 ಲಕ್ಷ ಅಡ್ವಾನ್ಸ್ ಅಂದ. ಅಪ್ಪ ಎರಡು ಲೋಡ್ ಕೊಬ್ಬರಿ ಮಾರಿದ ದುಡ್ಡು ಕೊಟ್ಟರು. ಆತ ನನ್ನ ಎತ್ತರ ಕೇಳಿದ, ಅಪ್ಪನ ಆದಾಯ ಕೇಳಿದ, ಪಿಯುಸಿಯಲ್ಲಿ ಯಾವ ವಿಷಯ ಓದಿದ್ದೀಯ ಅಂತ ಮಾತ್ರ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಎಡವಟ್ಟು ಗೊತ್ತಾಗಿದ್ದು ಕಂಪ್ಯೂಟರ್ ನಂಬರಿಗೆ ಅರ್ಜಿ ತುಂಬಲು ಕೂತಾಗ. ಡಿಜಿಸಿಎ ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದು ನಡೆಸುವ ಪರೀಕ್ಷೆ ಬರೆಯಲು ಕೊಡುವ ಗುರುತಿನ ಸಂಖ್ಯೆಯೇ ಕಂಪ್ಯೂಟರ್ ನಂಬರ್. ಅದಕ್ಕೆ ಹನ್ನೆರಡನೇ ತರಗತಿಯ ಅಂಕಪಟ್ಟಿ ಬೇಕು, ಅದರಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಬೇಕು. ನನ್ನದರಲ್ಲಿ ಒಂದೂ ಇರಲಿಲ್ಲ. ಈ ನಿಯಮ ಸಡಿಲಿಸುವ ಮಾತು 2025ರಲ್ಲಿ ಸುದ್ದಿಯಾಯಿತು, ನಿಜ. ಸುದ್ದಿ ನಂಬಿಕೊಂಡು ದುಡ್ಡು ಕಟ್ಟಬೇಡಿ. ಕಟ್ಟುವ ದಿನ ಡಿಜಿಸಿಎ ವೆಬ್‌ಸೈಟಿನಲ್ಲಿ ಏನಿದೆಯೋ ಅದೇ ಲೆಕ್ಕಕ್ಕೆ. ಏಜೆಂಟನಿಂದ ಕೊನೆಗೆ ವಾಪಸ್ ಬಂದಿದ್ದು ಅರ್ಧ ದುಡ್ಡು.

ಆಗ ನೆರವಿಗೆ ಬಂದಿದ್ದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಪೂರ್ತಿ ಪಿಯುಸಿ ಮತ್ತೆ ಓದಬೇಕಿಲ್ಲ, ಬೇಕಾದ ವಿಷಯಗಳಿಗೆ ಮಾತ್ರ ಸೇರಬಹುದು. ಗಣಿತ, ಭೌತಶಾಸ್ತ್ರ ಎರಡನ್ನೇ ತೆಗೆದುಕೊಂಡೆ. ಪಾಸಾಗಲು ಶೇ. 33 ಸಾಕು. ಅಷ್ಟಕ್ಕೇ ಓದಿ ಕೈ ತೊಳೆದುಕೊಂಡವರನ್ನು ಆಮೇಲೆ ಬಹಳ ಜನ ನೋಡಿದೆ. ನನಗೂ ಅದೇ ಯೋಚನೆ ಇತ್ತು. ತಪ್ಪಿಸಿದವರು ನಮ್ಮೂರಿನ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು.

ಮೊದಲ ದಿನವೇ ಹೇಳಿಬಿಟ್ಟೆ: "ಸಾರ್, ಪಾಸಾದ್ರೆ ಸಾಕು."

"ಹಂಗಾದ್ರೆ ಇಲ್ಲಿಗ್ಯಾಕಯ್ಯ ಬಂದೆ? ಗೈಡ್ ತಗೊಂಡು ಮನೇಲಿ ಕೂತ್ಕೊ," ಅಂದರು. ನಾಳೆ ಬಾ ಅಂತಲೂ ಅಂದರು.

ಹನ್ನೊಂದು ತಿಂಗಳು ಹೋದೆ. ಮೇಷ್ಟ್ರು ವಿಮಾನ ಹತ್ತಿದವರಲ್ಲ. ಆದರೆ ಬಲಭ್ರಮಣೆ, ಅಂದರೆ ತಿರುಗಿಸುವ ಬಲದ (ಟಾರ್ಕ್) ಪಾಠ ಬಂದ ದಿನ ಬೀದಿಗೆ ಕರೆದುಕೊಂಡು ಹೋಗಿ, ನಮ್ಮ ಮಂಡಿಯ ಟಿವಿಎಸ್ ಮೊಪೆಡ್ಡಿನ ಕ್ಯಾರಿಯರ್ ಮೇಲೆ ಕೊಬ್ಬರಿ ಮೂಟೆ ಇಡಿಸಿದರು. ಮೂಟೆಯನ್ನು ಒಂದೊಂದು ಗೇಣು ಹಿಂದಕ್ಕೆ ಸರಿಸಿದಂತೆ ಮುಂದಿನ ಚಕ್ರ ಹಗುರವಾಗುತ್ತ ಬಂತು, ಕೊನೆಗೆ ಮೇಲೆದ್ದಿತು. ಮೂಟೆಯ ತೂಕ ಅಷ್ಟೇ ಇದೆ, ದೂರ ಬದಲಾಯಿತು. ವಿಮಾನದಲ್ಲಿ ಇದನ್ನೇ ವೆಯ್ಟ್ ಅಂಡ್ ಬ್ಯಾಲೆನ್ಸ್ ಅನ್ನುತ್ತಾರೆ. ಒಟ್ಟು ತೂಕ ಮಿತಿಯೊಳಗಿದ್ದರೂ ಲಗೇಜು ಬಾಲದ ಕಡೆ ಹೆಚ್ಚಾದರೆ ಮೂತಿ ಹತೋಟಿಗೆ ಸಿಗುವುದಿಲ್ಲ. ಇವತ್ತಿಗೂ ವಿಮಾನದ ಭಾರದ ಲೆಕ್ಕವಿರುವ ಲೋಡ್ ಶೀಟ್ ನೋಡುವಾಗ ಆ ಮೊಪೆಡ್ ನೆನಪಾಗುತ್ತದೆ.

ಪಿಯುಸಿ ಗಣಿತ ಎಷ್ಟು ಬೇಕು ಅಂತ ಹುಡುಗರು ಕೇಳುತ್ತಾರೆ. ಕ್ಯಾಲ್ಕುಲಸ್ ನನಗೆ ಎಲ್ಲೂ ಬೇಕಾಗಿಲ್ಲ. ತ್ರಿಕೋನಮಿತಿ, ಸದಿಶಗಳು, ಅನುಪಾತ, ಬಾಯಿಲೆಕ್ಕ ಇವು ದಿನವೂ ಬೇಕು. ಗಾಳಿ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸುತ್ತಿದೆ ಅನ್ನಿ. ಸೈನ್ 30 ಅಂದರೆ ಅರ್ಧ, ಹಾಗಾಗಿ ವಿಮಾನವನ್ನು ಪಕ್ಕಕ್ಕೆ ತಳ್ಳುವ ಗಾಳಿ 10 ನಾಟ್. ಇಳಿಯುವ ಹೊತ್ತಲ್ಲಿ ಪೆನ್ನು ಹುಡುಕಲಾಗುವುದಿಲ್ಲ, ತಲೆಯಲ್ಲೇ ಬರಬೇಕು. ಹಾಗೆಯೇ ಅರುವತ್ತಕ್ಕೊಂದು ಅನ್ನುವ ಲೆಕ್ಕ: 60 ಮೈಲಿ ಹೋದಾಗ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕು ಸುಮಾರು 1 ಡಿಗ್ರಿ ತಪ್ಪಿದೆ ಅಂತ ಅರ್ಥ. 30 ಮೈಲಿಗೇ 2 ಮೈಲಿ ಸರಿದಿದ್ದರೆ 4 ಡಿಗ್ರಿ. ಮಂಡಿಯಲ್ಲಿ ಕ್ವಿಂಟಾಲಿನ ರೇಟನ್ನು ಬಾಯಲ್ಲೇ ಕೆಜಿಗೆ ಇಳಿಸಿ ಬೆಳೆದವನಿಗೆ ಇದು ಕಷ್ಟವಾಗಲಿಲ್ಲ. ಕಾಮರ್ಸ್ ಓದಿದ್ದು ಪೂರ್ತಿ ದಂಡವಲ್ಲ ಅಂತ ಅಪ್ಪ ಈಗಲೂ ಹೇಳಿಕೊಳ್ಳುತ್ತಾರೆ.

2015ರಲ್ಲಿ ಎರಡೂ ವಿಷಯ ಪಾಸಾದೆ. ಅಂಕಪಟ್ಟಿ ಕೈಗೆ ಬಂದರೆ ಮುಗಿಯಲಿಲ್ಲ, ಅದು ಅಸಲಿ ಅಂತ ಬೋರ್ಡಿನಿಂದಲೂ ದೃಢೀಕರಣವಾಗಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ, ಆಧಾರ್, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ನನ್ನ ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇತ್ತು. ಅದೊಂದೇ ಕಾರಣಕ್ಕೆ ಎರಡು ತಿಂಗಳು ಅಲೆದೆ.

ಎರಡನೇ ಉಲ್ಟಾ ಕೆಲಸ ಮೆಡಿಕಲ್ಲಿನದು. ದುಡ್ಡು ಕಟ್ಟುವುದಕ್ಕೂ ಮುಂಚೆ, ಎಲ್ಲಕ್ಕೂ ಮುಂಚೆ ಆಗಬೇಕಾದ್ದು ಅದು. ಮೊದಲು ಕ್ಲಾಸ್ 2, ಡಿಜಿಸಿಎ ಮಾನ್ಯತೆ ಇರುವ ವೈದ್ಯರು ಮಾಡುತ್ತಾರೆ. ಆಮೇಲೆ ಕ್ಲಾಸ್ 1. ಅದನ್ನು ಮಾಡುವ ಜಾಗಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಕನ್ನಡಕ ಹಾಕುವವರು ಪೈಲಟ್ ಆಗಲಾರರು ಅನ್ನುವ ಮಾತು ನಮ್ಮ ಕಡೆ ಈಗಲೂ ಇದೆ. ಲೈಸೆನ್ಸಿಗೆ ಅದು ನಿಜವಲ್ಲ, ಕನ್ನಡಕ ಹಾಕಿಕೊಂಡು ದೃಷ್ಟಿ ಮಾನದಂಡಕ್ಕೆ ಬಂದರೆ ಸಾಕು. ನಾನು ಹೈಸ್ಕೂಲಿನಿಂದ ಹಾಕುತ್ತಿದ್ದೇನೆ. ವಾಯುಪಡೆಯ ಆಯ್ಕೆಯಲ್ಲಿ ನಿಯಮ ಬೇರೆ, ಬಿಗಿ. ಬಣ್ಣಗುರುಡು ಇದ್ದರೆ ಮಾತ್ರ ತೊಂದರೆ ದೊಡ್ಡದು. ಚುಕ್ಕಿಗಳ ಮಧ್ಯೆ ಅಡಗಿಸಿದ ಅಂಕಿ ಓದಿಸುವ ಪುಟಗಳು ಊರಿನ ಕಣ್ಣಿನ ಡಾಕ್ಟರ ಹತ್ತಿರವೂ ಇರುತ್ತವೆ, ಹತ್ತನೇ ಕ್ಲಾಸಿನಲ್ಲೇ ಒಮ್ಮೆ ನೋಡಿಸಿಕೊಳ್ಳಬಹುದು.

ನನ್ನ ಕಣ್ಣು ಪಾಸಾಯಿತು, ಹೊಟ್ಟೆ ಫೇಲಾಯಿತು. ಮಂಡಿಯಲ್ಲಿ ಕೂತು ಬೆಳೆಸಿದ ತೂಕ, ಸ್ಕ್ಯಾನಿಂಗಿನಲ್ಲಿ ಕೊಬ್ಬು ಸೇರಿದ ಲಿವರ್. ತಾತ್ಕಾಲಿಕ ಅನ್‌ಫಿಟ್ ಅಂತ ಬರೆದು ಕಳಿಸಿದರು. ಅವ್ವ ತುಪ್ಪದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡಿದೆ. ಹನ್ನೊಂದು ಕೆಜಿ ಇಳಿಸಿಕೊಂಡು ಹೋದಾಗ ಫಿಟ್ ಸಿಕ್ಕಿತು.

ಡಿಜಿಸಿಎ ಪರೀಕ್ಷೆಗಳಲ್ಲಿ ಮುಖ್ಯವಾದವು ಏರ್ ನ್ಯಾವಿಗೇಷನ್, ಹವಾಮಾನ, ವಾಯುಯಾನದ ನಿಯಮಗಳು, ವಿಮಾನ ಮತ್ತು ಎಂಜಿನ್ನಿನ ಬಗೆಗಿನ ಟೆಕ್ನಿಕಲ್ ಜನರಲ್. ಒಂದೊಂದರಲ್ಲೂ ಶೇ. 70 ಬರಬೇಕು. ನ್ಯಾವಿಗೇಷನ್ನಿನಲ್ಲಿ ಮೊದಲ ಸಲ ನನಗೆ 66 ಬಂತು. ಪ್ರಶ್ನೆ ಬ್ಯಾಂಕ್ ಉರು ಹೊಡೆದಿದ್ದರ ಫಲ ಅದು. ಅಂಕಿ ಬದಲಾಯಿಸಿ ಕೇಳಿದ್ದರು. ಇಷ್ಟವಾಗಿದ್ದು ಹವಾಮಾನ. ಮುಂಗಾರಿಗೆ ಮುಂಚೆ ನಮ್ಮಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಏಕೆ ಎದ್ದು ನಿಲ್ಲುತ್ತದೆ ಅನ್ನುವುದು ಇಪ್ಪತ್ತು ವರ್ಷ ಕಣ್ಣಲ್ಲಿ ನೋಡಿದ ಪಾಠ, ಅದಕ್ಕೆ ಪುಸ್ತಕದಲ್ಲಿ ಹೆಸರು ಸಿಕ್ಕಿತು ಅಷ್ಟೆ.

ಕನ್ನಡ ಮಾಧ್ಯಮದವನಿಗೆ ಬೆವರಿಳಿಸಿದ್ದು ರೇಡಿಯೊ ಮಾತಿನ ಪರೀಕ್ಷೆ, ಆರ್‌ಟಿಆರ್. ವಿಮಾನ ಮತ್ತು ಟವರ್ ನಡುವಿನ ಮಾತಿಗೆ ಅದರದೇ ಅಚ್ಚು ಇದೆ. ಮೂರನ್ನು ಟ್ರೀ ಅನ್ನಬೇಕು, ಐದನ್ನು ಫೈಫ್, ಒಂಬತ್ತನ್ನು ನೈನರ್. ಭಾರತದ ವಿಮಾನಗಳ ನೋಂದಣಿ ವಿಟಿಯಿಂದ ಶುರು, ರೇಡಿಯೊದಲ್ಲಿ ಆ ಎರಡು ಅಕ್ಷರಕ್ಕೆ ವಿಕ್ಟರ್ ಟ್ಯಾಂಗೊ ಅನ್ನಬೇಕು. ತೋಟದಲ್ಲಿ ಓಡಾಡಿಕೊಂಡು ಜೋರಾಗಿ ಅಭ್ಯಾಸ ಮಾಡುತ್ತಿದ್ದೆ. ಕಾಯಿ ಕೆಡವಲು ಬಂದಿದ್ದವರು ಅವ್ವನ ಹತ್ತಿರ ಹೋಗಿ, "ಅಕ್ಕ, ನಿಮ್ಮ ಹುಡುಗ ಯಾರತ್ರನೋ ಒಬ್ನೇ ಮಾತಾಡ್ತವ್ನೆ, ಒಸಿ ನೋಡಿ" ಅಂದರಂತೆ. ಇಂಗ್ಲಿಷ್ ಭಾಷಾ ಮಟ್ಟದ ಪರೀಕ್ಷೆಯೂ ಇದೆ, ಕನಿಷ್ಠ 4ನೇ ಹಂತ ಬೇಕು. ಅಲ್ಲಿ ನೋಡುವುದು ಸ್ಪಷ್ಟತೆ, ಕಾನ್ವೆಂಟ್ ಶೈಲಿಯಲ್ಲ. ನಮ್ಮೂರ ಉಚ್ಚಾರಣೆಯಲ್ಲೇ ಪಾಸಾದೆ.

ಹಾರಾಟಕ್ಕೆ ಸೇರಿದ್ದು 2017ರಲ್ಲಿ, ಮಧ್ಯ ಭಾರತದ ಒಂದು ಶಾಲೆಗೆ. ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ನಾವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಪೂರ್ತಿ ಹೊಣೆ ನಮ್ಮದೇ. 300 ನಾಟಿಕಲ್ ಮೈಲಿಯ, ಅಂದರೆ ಸುಮಾರು 555 ಕಿಲೋಮೀಟರಿನ ಒಂದು ಪ್ರಯಾಣ, ನಡುವೆ ಎರಡು ಬೇರೆ ಏರೋಡ್ರೋಮುಗಳಲ್ಲಿ ಇಳಿದು. ರಾತ್ರಿ ಹಾರಾಟ 5 ಗಂಟೆ, ಉಪಕರಣಗಳನ್ನು ಮಾತ್ರ ನೋಡಿಕೊಂಡು ಹಾರುವುದು 10 ಗಂಟೆ. ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ ಅಂದಿದ್ದರು, ಎರಡು ವರ್ಷ ದಾಟಿತು. ಒಂದು ತಿಂಗಳಂತೂ ನಾನು ಹಾರಿದ್ದು ಎರಡೇ ಗಂಟೆ: ತರಬೇತಿಯ ಪುಟ್ಟ ಸೆಸ್ನಾ ವಿಮಾನಗಳು ಹ್ಯಾಂಗರಿನಲ್ಲಿ, ನಾವು ಹಾಸ್ಟೆಲಿನಲ್ಲಿ. ಸೇರುವ ಮುಂಚೆ ಬ್ರೋಷರ್ ಪಕ್ಕಕ್ಕಿಟ್ಟು ಅಲ್ಲಿನ ಹುಡುಗರಿಗೆ ಚಹಾ ಕೊಡಿಸಿ ಕೇಳಿ: ಇವತ್ತು ಹಾರುತ್ತಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳೆಷ್ಟು, ಕಳೆದ ತಿಂಗಳು ನೀನು ಹಾರಿದ್ದು ಎಷ್ಟು ಗಂಟೆ? 2025ರಿಂದ ಡಿಜಿಸಿಎಯೇ ತರಬೇತಿ ಶಾಲೆಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ, ಅದನ್ನೂ ನೋಡಿ. ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ನಮ್ಮಲ್ಲೇ ಜಕ್ಕೂರಿನ ಸರ್ಕಾರಿ ಶಾಲೆ 1949ರಿಂದ ಇದೆ.

ಮೇ ತಿಂಗಳ ಬಿಸಿಲಲ್ಲಿ ಒಂದು ದಿನ ವಿಮಾನ ರನ್‌ವೇ ಬಿಟ್ಟು ಏಳಲೊಲ್ಲದು. ಬೆಳಿಗ್ಗೆ ಆರು ಗಂಟೆಗೆ ಎಲ್ಲಿ ಎದ್ದಿತ್ತೋ ಆ ಗುರುತು ಹಿಂದಕ್ಕೆ ಹೋಯಿತು, ಇನ್ನೂ ಓಡುತ್ತಲೇ ಇದೆ. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಸುಮ್ಮನಿದ್ದರು. ಕಾದ ಗಾಳಿ ತೆಳ್ಳಗಾಗುತ್ತದೆ, ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಮ್ಮಿ. ಇದು ಮೇಷ್ಟ್ರು ಕರಿಹಲಗೆ ಮೇಲೆ ಬರೆದಿದ್ದ ಅನಿಲ ನಿಯಮ. ಅವತ್ತು ಅದು ಸೀಟಿನ ಕೆಳಗೆ ಗೊತ್ತಾಯಿತು.

ಖರ್ಚಿನ ಮಾತು. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ನಮಗೆ 40 ಲಕ್ಷ ದಾಟಿತ್ತು. ಆಮೇಲೆ ಏರ್‌ಲೈನಿನ ವಿಮಾನ ಹಾರಿಸಲು ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೆಂದೇ ಪಡೆಯುವ ಅರ್ಹತೆ ಬೇರೆ. ಬ್ಯಾಂಕು ಅಡಮಾನ ಕೇಳಿತು, ತೋಟ ಬರೆದುಕೊಟ್ಟೆವು. 2019ರ ಕೊನೆಗೆ ಲೈಸೆನ್ಸ್ ಬಂತು, 2020ರಲ್ಲಿ ವಿಮಾನಗಳೇ ನಿಂತುಹೋದವು. ಮತ್ತೆ ಮಂಡಿ, ಮತ್ತೆ ಲೆಕ್ಕದ ಪುಸ್ತಕ. ಸುಮ್ಮನೆ ಕೂರಲೂ ಆಗದು, ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಯೇ ಹಾರುವ ಅರ್ಹತೆ) ಚಾಲ್ತಿಯಲ್ಲಿ ಇಟ್ಟುಕೊಳ್ಳಬೇಕು, ಅದಕ್ಕೂ ದುಡ್ಡು. ಖರ್ಚಿನ ಪಟ್ಟಿಯಲ್ಲಿ ಈ ಕಾಯುವ ಕಾಲವನ್ನು ಯಾರೂ ಬರೆಯುವುದಿಲ್ಲ. ನೀವು ಬರೆದುಕೊಳ್ಳಿ, ಎರಡು ವರ್ಷದ್ದು. ನನಗೆ ಕೆಲಸ ಸಿಕ್ಕಿದ್ದು 2022ರಲ್ಲಿ, ಎಟಿಆರ್ ಅನ್ನುವ ಸಣ್ಣ ಪ್ರಯಾಣಿಕ ವಿಮಾನದಲ್ಲಿ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ಆಗಿ. ಲಿಖಿತ ಪರೀಕ್ಷೆಯ ಮೊದಲ ಹಾಳೆಯಲ್ಲಿ ಮತ್ತೆ ಪಿಯುಸಿ ಭೌತಶಾಸ್ತ್ರವೇ ಎದುರಾಯಿತು.

ಹೋದ ತಿಂಗಳು ರಜೆಗೆ ಬಂದಾಗ ಚಿಕ್ಕಪ್ಪ ಮಗನನ್ನು ಕರೆದುಕೊಂಡು ಬಂದರು. ದ್ವಿತೀಯ ಪಿಯು, ಕಾಮರ್ಸ್. "ಇವನೂ ನಿನ್ನ ಹಂಗೇ ಅಂತಾನೆ ಕಣಪ್ಪ, ಏನ್ ಮಾಡೋದು?" ಮೊದಲು ಮೆಡಿಕಲ್ ಮಾಡಿಸಿಕೊಂಡು ಬರಲಿ, ಫಿಟ್ ಅಂತ ಬಂದ ಮೇಲೆ ಎನ್‌ಐಒಎಸ್, ಅಲ್ಲಿಯವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ ಅಂದೆ. ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ಟ್ಯೂಷನ್ ಬಿಟ್ಟು ಮೂರು ವರ್ಷವಾಯಿತಂತೆ.

"ಪಾಸಾದ್ರೆ ಸಾಕು ಅಂತಾನೇನಯ್ಯ?" ಅಂತ ಕೇಳಿದರು.

"ಹೂಂ ಸಾರ್."

"ಕಳಿಸು ಹಂಗಾದ್ರೆ. ಆ ಮೊಪೆಡ್ ಇದೆಯೇನು ಇನ್ನೂ?"