ಮೀನಿಗೆ ಹುಷಾರಿಲ್ವಾ? ಔಷಧಿಗೆ ಮೊದಲು ನೀರು ನೋಡಿ

ಮೀನು ಮೂಲೆ ಹಿಡಿದು ಕೂತಿದೆ, ಆಹಾರ ಹಾಕಿದರೆ ತಿರುಗಿಯೂ ನೋಡುತ್ತಿಲ್ಲ, ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆ. ಇದನ್ನು ಕಂಡ ಕೂಡಲೇ ಬಹಳ ಜನ ಅಂಗಡಿಗೆ ಓಡಿ ನೀಲಿ ಔಷಧಿಯ ಬಾಟಲಿ ತಂದು ಒಂದಿಷ್ಟು ಹನಿ ಟ್ಯಾಂಕಿಗೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯ ಟ್ಯಾಂಕಿನಲ್ಲಿ ಮೀನು ಮಂಕಾಗುವುದಕ್ಕೆ ಬಹಳಷ್ಟು ಸಲ ನೀರೇ ಕಾರಣ. ನೀರು ಕೆಟ್ಟಿರುವಾಗ ಅದರ ಮೇಲೆ ಔಷಧಿಯನ್ನೂ ಸುರಿದರೆ, ಮೊದಲೇ ಉಸಿರಾಡಲು ಒದ್ದಾಡುತ್ತಿರುವ ಮೀನಿಗೆ ಇನ್ನೊಂದು ಹೊರೆ ಹೊರಿಸಿದಂತೆ ಆಗುತ್ತದೆ.

ಹಾಗಾಗಿ ಮೊದಲ ಕೆಲಸ ನೀರಿನ ಪರೀಕ್ಷೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನುವ ಅಳತೆ) ನಾಲ್ಕನ್ನೂ ನೋಡಿ. ಅಮೋನಿಯಾ 0 ಇರಬೇಕು, ನೈಟ್ರೈಟ್ ಕೂಡ 0 ಇರಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟಬಾರದು, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ನೀರು ತಿಳಿಯಾಗಿ ಕಾಣುತ್ತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತಲೇ ಇರುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟ್ಯಾಂಕ್ ಹೊಸದಾಗಿದ್ದರೆ, ಅಥವಾ ಮೊನ್ನೆ ತಾನೇ ಫಿಲ್ಟರನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದಿದ್ದರೆ, ರೋಗ ಹುಡುಕುವ ಮೊದಲು ಅಲ್ಲಿಂದಲೇ ಶುರು ಮಾಡಿ. ಕ್ಲೋರಿನ್ ಇರುವ ನೀರು ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸ್ಪಂಜನ್ನು ಯಾವಾಗಲೂ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಹಿಂಡಿ ತೊಳೆಯಬೇಕು.

ಅಮೋನಿಯಾ ಅಥವಾ ನೈಟ್ರೈಟ್ ಕಾಣಿಸಿದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ, ಮರುದಿನ ಮತ್ತೆ ಪರೀಕ್ಷೆ ಮಾಡಿ, ಬೇಕಿದ್ದರೆ ಮತ್ತೆ ಬದಲಿಸಿ. ಹೊಸ ನೀರಿಗೆ ಆಂಟಿ ಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರವ) ಹಾಕಲೇಬೇಕು. ಒಂದು ದಿನ ಬಕೆಟ್‌ನಲ್ಲಿ ಇಟ್ಟರೆ ಕ್ಲೋರಿನ್ ಹೋಗುತ್ತದೆ ನಿಜ, ಆದರೆ ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಾರೆ, ಅದು ಸುಮ್ನೆ ಇಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಹೊಸ ನೀರಿನ ಬಿಸಿ ಟ್ಯಾಂಕಿನ ನೀರಿಗೆ ಹೊಂದಬೇಕು. ಕೈ ಅದ್ದಿ ಅಂದಾಜು ಮಾಡುವುದಕ್ಕಿಂತ ಥರ್ಮಾಮೀಟರ್ ಇಟ್ಟು ನೋಡುವುದು ವಾಸಿ.

ಇಲ್ಲಿ ಒಂದು ಎಚ್ಚರಿಕೆ. ತಿಂಗಳುಗಟ್ಟಲೆ ನೀರು ಬದಲಿಸದ ಹಳೇ ಟ್ಯಾಂಕ್ ಆಗಿದ್ದರೆ ಒಂದೇ ಸಲ ಅರ್ಧ ನೀರು ತೆಗೆಯಬೇಡಿ. ಅಂಥ ಟ್ಯಾಂಕಿನಲ್ಲಿ ಪಿಎಚ್ ನಿಧಾನವಾಗಿ ಇಳಿದಿರುತ್ತದೆ, ಇರುವ ಅಮೋನಿಯಾ ಹೆಚ್ಚು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿ ಕೂತಿರುತ್ತದೆ. ಹೊಸ ನೀರು ಬಿದ್ದು ಪಿಎಚ್ ಧುತ್ತನೆ ಏರಿದರೆ ಅದೇ ಮತ್ತೆ ವಿಷವಾಗುತ್ತದೆ. ಇಂಥ ಕಡೆ ದಿನಕ್ಕೆ 10ರಿಂದ 15 ಶೇಕಡಾ ಬದಲಿಸುತ್ತಾ ಕೆಲವು ದಿನಗಳಲ್ಲಿ ಸರಿಮಾಡಿ.

ನೀರು ಸರಿಯಿದೆ, ಆದರೂ ಮೀನು ಚೇತರಿಸಿಕೊಂಡಿಲ್ಲ ಅಂದ್ರೆ ಈಗ ಮೀನನ್ನು ನೋಡಿ. ಟ್ಯಾಂಕಿನ ಮುಂದೆ ಅಲುಗಾಡದೆ ಕೂತುಕೊಳ್ಳಿ, ಯಾಕಂದ್ರೆ ನೀವು ಹತ್ತಿರ ಬಂದ ಕೂಡಲೇ ಮೀನು ಹುಷಾರಾಗಿರುವ ಹಾಗೆ ಈಜಲು ಶುರು ಮಾಡುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮಾತ್ರ ತನ್ನ ನಿಜ ಸ್ಥಿತಿಗೆ ಮರಳುತ್ತದೆ. ಎರಡೂ ಕಿವಿರು ಒಂದೇ ಸಮ ಆಡುತ್ತಿವೆಯಾ, ಒಂದನ್ನು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತಿದೆಯಾ? ಕಲ್ಲಿಗೋ ಹೀಟರ್‌ಗೋ ಮೈ ಉಜ್ಜುತ್ತಿದೆಯಾ? ಹಿಕ್ಕೆ ಹೇಗಿದೆ? ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಹಗಲಿನಲ್ಲಿ ಕಾಣದ ಚುಕ್ಕೆ, ಧೂಳಿನಂಥ ಪದರ, ಮೈಮೇಲಿನ ಲೋಳೆ ಆಗ ಎದ್ದು ಕಾಣುತ್ತವೆ. ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ನಾಳೆ ಹೋಲಿಸಿ ನೋಡಬಹುದು, ಮೀನಿನ ವೈದ್ಯರು ಸಿಕ್ಕರೆ ಅವರಿಗೂ ತೋರಿಸಬಹುದು.

ಕಾಯಿಲೆ ಬಿದ್ದ ಮೀನನ್ನು ಬೇರೆ ಮಾಡಬೇಕಾ ಅನ್ನುವುದು ಕಾಯಿಲೆ ಮೇಲೆ ಹೋಗುತ್ತದೆ. ಗಾಯ, ರೆಕ್ಕೆ ಕೊಳೆತ, ಹೊಟ್ಟೆ ಉಬ್ಬರ, ಬೇರೆ ಮೀನುಗಳ ಕಾಟ, ಇವುಗಳಿಗೆ ಬೇರೆ ಟ್ಯಾಂಕ್ ಬೇಕು. ದೊಡ್ಡದೇನೂ ಬೇಡ, ಸಣ್ಣ ಮೀನಿಗೆ 20ರಿಂದ 40 ಲೀಟರ್ ಸಾಕು, ಪ್ಲಾಸ್ಟಿಕ್ ಡಬ್ಬವೂ ಆಗುತ್ತದೆ. ತಳದಲ್ಲಿ ಕಲ್ಲು ಮರಳು ಏನೂ ಹಾಕಬೇಡಿ, ಬರಿದಾಗಿದ್ದರೆ ಕಸ ತೆಗೆಯುವುದು ಸುಲಭ. ಹೀಟರ್, ಏರ್ ಪಂಪ್, ಅಡಗಲು ಒಂದು ಪೈಪ್ ತುಂಡು, ಮತ್ತೆ ಒಂದು ಸ್ಪಂಜ್ ಫಿಲ್ಟರ್. ಸ್ಪಂಜ್ ಹೊಸದಾಗಿರಬಾರದು, ದೊಡ್ಡ ಟ್ಯಾಂಕಿನಲ್ಲಿ ಓಡಿದ ಸ್ಪಂಜೇ ಆಗಬೇಕು. ಇಲ್ಲದಿದ್ದರೆ ಆಸ್ಪತ್ರೆ ಟ್ಯಾಂಕಿನಲ್ಲೇ ಅಮೋನಿಯಾ ಏರಿ ಮೀನು ಸಾಯುತ್ತದೆ, ನಾವು ರೋಗದಿಂದ ಸತ್ತಿತು ಅಂದುಕೊಳ್ಳುತ್ತೇವೆ. ಹಳೇ ಸ್ಪಂಜ್ ಸಿಗದಿದ್ದರೆ ದಿನಾ ನೀರು ಬದಲಿಸುವುದೊಂದೇ ದಾರಿ. ನೀರನ್ನು ದೊಡ್ಡ ಟ್ಯಾಂಕಿನಿಂದಲೇ ತುಂಬಿದರೆ ಮೀನಿಗೆ ಹೊಂದಿಕೊಳ್ಳುವ ಕಷ್ಟ ಇರುವುದಿಲ್ಲ, ಆ ನೀರು ಪರೀಕ್ಷೆಯಲ್ಲಿ ಪಾಸಾಗಿದ್ದರೆ ಮಾತ್ರ.

ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಕಂಡರೆ ಅದು ಇಕ್. ಮನೆ ಟ್ಯಾಂಕುಗಳಲ್ಲಿ ಜಾಸ್ತಿ ಕಾಣುವ ಕಾಯಿಲೆ ಇದು, ಸರಿಯಾಗಿ ಮಾಡಿದರೆ ವಾಸಿಯಾಗುವ ಕಾಯಿಲೆಯೂ ಹೌದು. ಇಕ್ತಿಯೋಫ್ತಿರಿಯಸ್ ಅನ್ನುವ ಪರಾವಲಂಬಿ ಜೀವಿ ಮೀನಿನ ಚರ್ಮದ ಒಳಗೆ ಹೊಕ್ಕು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಅದು ಬೆಳೆದ ಮೇಲೆ ಉದುರಿ ತಳ ಸೇರಿ, ಗೂಡು ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆದು, ಆ ಮರಿಗಳು ಈಜಿಕೊಂಡು ಮತ್ತೆ ಮೀನು ಹುಡುಕುತ್ತವೆ. ಔಷಧಿಯಾಗಲಿ ಉಪ್ಪಾಗಲಿ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿನದಕ್ಕೂ ಗೂಡಿನೊಳಗಿನದಕ್ಕೂ ಏನೂ ಆಗುವುದಿಲ್ಲ. ಅದಕ್ಕೇ ಎರಡನೇ ದಿನ ಚುಕ್ಕೆ ಜಾಸ್ತಿಯಾದರೆ ಗಾಬರಿಯಾಗಬೇಡಿ, ನಾಲ್ಕನೇ ದಿನ ಚುಕ್ಕೆ ಪೂರಾ ಮಾಯವಾದರೆ ಔಷಧಿ ನಿಲ್ಲಿಸಲೂಬೇಡಿ. ಬಹಳ ಜನ ಸೋಲುವುದು ಇಲ್ಲೇ. ಮೀನಿನ ಮೈ ಶುಭ್ರವಾಗಿರುವಾಗಲೇ ತಳದಲ್ಲಿ ಮುಂದಿನ ತಂಡ ತಯಾರಾಗುತ್ತಿರುತ್ತದೆ. ಒಟ್ಟು 10ರಿಂದ 14 ದಿನ ಮುಂದುವರಿಸಿ.

ಇಕ್‌ಗೆ ಒಂದು ಮೀನನ್ನು ತೆಗೆದರೆ ಸಾಲದು, ಜೀವಿ ಟ್ಯಾಂಕಿನ ತುಂಬ ಇರುತ್ತದೆ, ಇಡೀ ಟ್ಯಾಂಕಿಗೇ ಚಿಕಿತ್ಸೆ ಕೊಡಬೇಕು. ಉಷ್ಣ ನೀರಿನ ಮೀನುಗಳಾದರೆ ಬಿಸಿಯನ್ನು ಒಂದೊಂದೇ ಡಿಗ್ರಿ ಏರಿಸುತ್ತಾ ಒಂದೆರಡು ದಿನದಲ್ಲಿ 28ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಬಿಸಿ ಏರಿದರೆ ಪರಾವಲಂಬಿಯ ಸುತ್ತು ಬೇಗ ಬೇಗ ಮುಗಿಯುತ್ತದೆ, ಮರಿಗಳು ಬೇಗ ಹೊರಬಿದ್ದು ಔಷಧಿಗೆ ಸಿಗುತ್ತವೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪ್ ಹಗಲು ರಾತ್ರಿ ಓಡಲಿ. ಗೋಲ್ಡ್‌ಫಿಶ್‌ನಂಥ ತಣ್ಣೀರಿನ ಮೀನುಗಳಿಗೆ ಇಷ್ಟು ಬಿಸಿ ಬೇಡ, ಅವಕ್ಕೆ ಉಪ್ಪು ಅಥವಾ ಔಷಧಿಯನ್ನೇ ಇನ್ನಷ್ಟು ದಿನ ಮುಂದುವರಿಸಬೇಕಾಗುತ್ತದೆ. ಪ್ರತಿ ದಿನ ಅಥವಾ ದಿನ ಬಿಟ್ಟು ದಿನ ತಳದ ಕಸವನ್ನು ಸೈಫನ್ ಪೈಪಿನಲ್ಲಿ ಎಳೆಯಿರಿ, ಗೂಡುಗಳೂ ಅದರ ಜೊತೆ ಹೋಗುತ್ತವೆ.

ಉಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಿಹಿನೀರಿನ ಮೀನಿನ ಮೈಯೊಳಗೆ ಸುತ್ತಲಿನ ನೀರಿಗಿಂತ ಲವಣ ಜಾಸ್ತಿ, ಹಾಗಾಗಿ ನೀರು ಒಳಗೆ ನುಗ್ಗುತ್ತಲೇ ಇರುತ್ತದೆ, ಲವಣ ಹೊರಗೆ ಸೋರುತ್ತಲೇ ಇರುತ್ತದೆ. ಇದನ್ನು ಸರಿದೂಗಿಸಲು ಮೀನು ಸದಾ ದುಡಿಯುತ್ತದೆ. ನೀರಿಗೆ ಸ್ವಲ್ಪ ಉಪ್ಪು ಸೇರಿದರೆ ಆ ದುಡಿಮೆ ಹಗುರವಾಗುತ್ತದೆ. ನೈಟ್ರೈಟ್ ಏರಿದಾಗಲೂ ಉಪ್ಪು ನೆರವಿಗೆ ಬರುತ್ತದೆ, ಅದರಲ್ಲಿರುವ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ಬೇರೇನೂ ಬೆರೆಸದ ಶುದ್ಧ ಉಪ್ಪು ತೆಗೆದುಕೊಳ್ಳಿ. ಲೀಟರಿಗೆ 1 ಗ್ರಾಂನಿಂದ ಶುರು ಮಾಡಿ, ಇಕ್ ಆದರೆ ಒಂದೆರಡು ದಿನದಲ್ಲಿ ಹಂತ ಹಂತವಾಗಿ 2ರಿಂದ 3 ಗ್ರಾಂಗೆ ಏರಿಸಿ. ಚಮಚದ ಲೆಕ್ಕ ಬೇಡ, ತೂಕ ಮಾಡಿ, ಮೊದಲು ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಪೂರಾ ಕರಗಿಸಿ, ಮೀನಿನ ಮೇಲೆ ಬೀಳದಂತೆ ನಿಧಾನವಾಗಿ ಸುರಿಯಿರಿ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ ಅನ್ನುವುದು ನೆನಪಿರಲಿ. ಆವಿಯಾದಷ್ಟಕ್ಕೆ ಬರೀ ನೀರು ತುಂಬಿ, ಬದಲಿಸಿದ ನೀರಿಗೆ ಮಾತ್ರ ಲೆಕ್ಕ ಹಾಕಿ ಉಪ್ಪು ಸೇರಿಸಿ. ಕೋರಿಡೋರಾಸ್, ಲೋಚ್ ಮೀನುಗಳಿಗೆ, ಗಿಡಗಳಿಗೆ, ಬಸವನಹುಳುಗಳಿಗೆ ಉಪ್ಪು ಹಿಡಿಸುವುದಿಲ್ಲ, ಅವು ಇರುವ ಟ್ಯಾಂಕಿನಲ್ಲಿ ಈ ದಾರಿ ಬಿಡಿ.

ರೆಕ್ಕೆಯ ಅಂಚು ಹರಿದು ಬಿಳಿಯಾಗಿದ್ದರೆ ಅಥವಾ ಕೆಂಪಾಗಿದ್ದರೆ ಅದು ರೆಕ್ಕೆ ಕೊಳೆತ. ಹೆಚ್ಚಾಗಿ ಕೊಳಕು ನೀರಿನ ಫಲ, ಶುರುವಿನಲ್ಲೇ ಹಿಡಿದರೆ ಒಂದೆರಡು ವಾರ ಮೇಲಿಂದ ಮೇಲೆ ನೀರು ಬದಲಿಸುವುದರಲ್ಲೇ ನಿಲ್ಲುತ್ತದೆ, ಹೊಸದಾಗಿ ಬೆಳೆಯುವ ರೆಕ್ಕೆ ತೆಳುವಾಗಿ ಪಾರದರ್ಶಕವಾಗಿ ಕಾಣುತ್ತದೆ. ಕೊಳೆತ ರೆಕ್ಕೆಯ ಬುಡದ ಕಡೆಗೆ ಸರಿಯುತ್ತಿದ್ದರೆ ಮಾತ್ರ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಬೇಕು. ಗಾಯದ ಮೇಲೆ ಬಿಳಿ ಎಳೆಗಳ ಕುಚ್ಚು ಬೆಳೆದಿದ್ದರೆ ಶಿಲೀಂಧ್ರ, ಇದಕ್ಕೆ ಮಿಥಿಲಿನ್ ಬ್ಲೂ ಅನ್ನುವ ನೀಲಿ ಔಷಧಿ ಕೆಲಸ ಮಾಡುತ್ತದೆ. ಆದರೆ ಬಾಯಿ ಸುತ್ತ ಬಿಳಿ ಪೊರೆ, ಬೆನ್ನ ಮೇಲೆ ಮಾಸಲು ಪಟ್ಟಿ ಬಂದು ಒಂದೆರಡು ದಿನದಲ್ಲೇ ಹರಡುತ್ತಿದ್ದರೆ ಅದು ಕಾಲಮ್ನಾರಿಸ್ ಇರಬಹುದು. ನೋಡಲು ಶಿಲೀಂಧ್ರ, ನಿಜಕ್ಕೂ ಬ್ಯಾಕ್ಟೀರಿಯಾ. ಇದು ಬಿಸಿ ನೀರಿನಲ್ಲಿ ಇನ್ನೂ ಜೋರಾಗುತ್ತದೆ, ಹಾಗಾಗಿ ಕಾಯಿಲೆ ಯಾವುದೇ ಇರಲಿ ಹೀಟರ್ ಏರಿಸಿಬಿಡೋಣ ಅನ್ನುವ ಸಲಹೆಯನ್ನು ನಂಬಬೇಡಿ. ಚಿನ್ನದ ಬಣ್ಣದ ಸಣ್ಣ ಧೂಳು ಮೈಗೆ ಮೆತ್ತಿದ್ದರೆ ವೆಲ್ವೆಟ್. ಅದರ ಜೀವಿ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ, ಔಷಧಿಯ ಜೊತೆಗೆ ಟ್ಯಾಂಕ್ ದೀಪ ಆರಿಸಿ ಬಟ್ಟೆ ಮುಚ್ಚಿ.

ಔಷಧಿ ಹಾಕಲೇಬೇಕಾದರೆ ಟ್ಯಾಂಕಿನ ಅಳತೆ ಮೊದಲು ಮಾಡಿ. ಉದ್ದ, ಅಗಲ, ನೀರಿನ ಎತ್ತರ, ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30ರ ಟ್ಯಾಂಕ್ ಲೆಕ್ಕಕ್ಕೆ 54 ಲೀಟರ್, ಆದರೆ ಕಲ್ಲು ಮರಳು ಕಳೆದರೆ ನಿಜವಾದ ನೀರು 45ರ ಆಸುಪಾಸು. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆದುಬಿಡಿ, ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ಮಿಥಿಲಿನ್ ಬ್ಲೂ ಫಿಲ್ಟರ್‌ನ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲಬಲ್ಲದು, ಸಿಲಿಕಾನ್ ಅಂಟಿಗೆ ನೀಲಿ ಹಿಡಿಸುತ್ತದೆ, ದೊಡ್ಡ ಟ್ಯಾಂಕಿಗೆ ಅದು ಬೇಡ. ಆಸ್ಪತ್ರೆ ಟ್ಯಾಂಕಿಗೆ ಹಾಕಿದರೆ ಸ್ಪಂಜನ್ನು ನಂಬಿ ಕೂರದೆ ದಿನಾ ಅಮೋನಿಯಾ ನೋಡಿ ನೀರು ಬದಲಿಸಿ, ತೆಗೆದಷ್ಟು ನೀರಿಗೆ ಔಷಧಿ ಮತ್ತೆ ಸೇರಿಸಿ. ಮಲಕೈಟ್ ಗ್ರೀನ್ ಇರುವ ಔಷಧಿಯನ್ನು ಕೈಗವಸು ಇಲ್ಲದೆ ಮುಟ್ಟಬೇಡಿ, ಹುರುಪೆ ಇಲ್ಲದ ಮೀನುಗಳಿಗೆ ಅರ್ಧ ಪ್ರಮಾಣ ಸಾಕು. ಎರಡು ಔಷಧಿ ಒಟ್ಟಿಗೆ ಬೆರೆಸಬೇಡಿ. ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ಅಂದಾಜಿಗೆ ಸುರಿಯುವುದಂತೂ ಬೇಡವೇ ಬೇಡ.

ಊಟದ ವಿಷಯ ಸರಳ. ಒಂದೆರಡು ದಿನ ಏನೂ ಹಾಕಬೇಡಿ. ಬೆಳೆದ ಮೀನು ಅಷ್ಟು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ, ನೀರು ಮಾತ್ರ ಶುಭ್ರವಾಗಿ ಉಳಿಯುತ್ತದೆ. ಹೊಟ್ಟೆ ಉಬ್ಬಿ ಮೀನು ವಾಲುತ್ತಿದ್ದರೆ ಮೂರು ದಿನ ಉಪವಾಸ, ಆಮೇಲೆ ಗೋಲ್ಡ್‌ಫಿಶ್‌ಗಾದರೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಚೂರು, ಫೈಟರ್‌ಗಾದರೆ ಡ್ಯಾಫ್ನಿಯಾ ಅನ್ನುವ ಸಣ್ಣ ನೀರ್ಜೀವಿ.

ಮೈ ಊದಿ ಹುರುಪೆಗಳೆಲ್ಲ ಹೊರಗೆ ಚಾಚಿಕೊಂಡಿದ್ದರೆ ಅದು ಡ್ರಾಪ್ಸಿ. ಒಳಗಿನ ಅಂಗಗಳು, ಮುಖ್ಯವಾಗಿ ಮೂತ್ರಪಿಂಡ, ಸೋತಿವೆ ಅನ್ನುವುದರ ಗುರುತು. 20 ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ) ಹಾಕಿದರೆ ಊತ ಸ್ವಲ್ಪ ಇಳಿಯಬಹುದು. ಆದರೆ ಉಳಿಯುವ ಮೀನುಗಳು ಕಡಿಮೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಮೀನು ನೇರ ನಿಲ್ಲಲಾಗದೆ, ದಿನಗಟ್ಟಲೆ ತಿನ್ನದೆ ನರಳುತ್ತಿದ್ದರೆ ಅದನ್ನು ಎಳೆದಾಡಿಸದಿರುವುದೂ ಆರೈಕೆಯೇ. ಟಾಯ್ಲೆಟ್‌ಗೆ ಹಾಕುವುದು, ಫ್ರೀಜರ್‌ನಲ್ಲಿಡುವುದು ಕ್ರೂರ. ಲವಂಗದ ಎಣ್ಣೆಯನ್ನು ನೀರಿನಲ್ಲಿ ಚೆನ್ನಾಗಿ ಕುಲುಕಿ, ಮೀನಿರುವ ಪಾತ್ರೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಅದು ನಿದ್ದೆಗೆ ಜಾರುತ್ತದೆ. ಆಮೇಲೆ ಲೀಟರಿಗೆ 0.4 ಮಿಲಿಲೀಟರ್ ಆಗುವಷ್ಟು ಹಾಕಿ, ಕಿವಿರು ನಿಂತ ಮೇಲೂ ಅರ್ಧ ಗಂಟೆ ಹಾಗೇ ಬಿಡಿ.

ವಾಸಿಯಾದ ಮೀನನ್ನು ಆತುರದಲ್ಲಿ ವಾಪಸ್ ಬಿಡಬೇಡಿ. ಲಕ್ಷಣಗಳೆಲ್ಲ ಹೋದ ಮೇಲೂ ಒಂದು ವಾರ ಅಲ್ಲೇ ಇರಲಿ, ಚೆನ್ನಾಗಿ ತಿನ್ನಲಿ, ಔಷಧಿಯಿಲ್ಲದ ನೀರಿಗೆ ನಿಧಾನವಾಗಿ ಬರಲಿ. ಹೊಸ ಮೀನು ತಂದಾಗಲೂ ಇದೇ ಟ್ಯಾಂಕಿನಲ್ಲಿ 2ರಿಂದ 4 ವಾರ ಬೇರೆ ಇಟ್ಟರೆ ಮುಂದಿನ ಸಲದ ಅರ್ಧ ಕಾಯಿಲೆಗಳು ಮನೆಯೊಳಗೇ ಬರುವುದಿಲ್ಲ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ, ಮೀನಿನಿಂದ ಮನುಷ್ಯರ ಚರ್ಮಕ್ಕೆ ಹತ್ತುವ ಸೋಂಕುಗಳೂ ಇವೆ. ಬಲೆ, ಪೈಪು, ಬಕೆಟ್ ಆಸ್ಪತ್ರೆ ಟ್ಯಾಂಕಿಗೆ ಬೇರೆಯೇ ಇರಲಿ, ಕೆಲಸ ಮುಗಿದ ಮೇಲೆ ತೊಳೆದು ಬಿಸಿಲಲ್ಲಿ ಪೂರಾ ಒಣಗಿಸಿ. ಅಲ್ಲಿ ಓಡಿದ ಸ್ಪಂಜನ್ನು ದೊಡ್ಡ ಟ್ಯಾಂಕಿಗೆ ವಾಪಸ್ ಹಾಕಬೇಡಿ. ಅದನ್ನು ಎಸೆದು, ಹೊಸ ಸ್ಪಂಜೊಂದನ್ನು ಇವತ್ತೇ ದೊಡ್ಡ ಟ್ಯಾಂಕಿನ ಫಿಲ್ಟರ್ ಪಕ್ಕ ಓಡಲು ಬಿಡಿ, ಮುಂದೆ ಯಾವಾಗ ಬೇಕಾದರೂ ಎತ್ತಿಕೊಳ್ಳಬಹುದು.