ಮೇಲೆ ಗುಳ್ಳ, ಕೆಳಗೆ ಕುದನೆ: ಸೊರಗು ರೋಗಕ್ಕೆ ಕಸಿಯ ದಾರಿ

ಬೆಳಿಗ್ಗೆ ನೆಟ್ಟಗಿದ್ದ ಗುಳ್ಳದ, ಅಂದರೆ ದುಂಡು ಬದನೆಯ, ಗಿಡ ಮಧ್ಯಾಹ್ನದ ಬಿಸಿಲಿಗೆ ತಲೆ ಜೋಲುಹಾಕುತ್ತದೆ. ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಎಲೆಯ ಹಸಿರು ಮಾಸುವ ಮೊದಲೇ ಗಿಡ ಸತ್ತಿರುತ್ತದೆ. ನೀರು ಸಾಲಲಿಲ್ಲವೆಂದು ಕೊಡಗಟ್ಟಲೆ ಸುರಿಯುವುದು ನಾವೆಲ್ಲ ಮಾಡುವ ತಪ್ಪು. ಕಳೆದ ವರ್ಷ ನಾನೂ ಸುರಿದೆ. ಆ ನೀರು ಹರಿದ ಸಾಲಿನುದ್ದಕ್ಕೂ ಗಿಡಗಳು ಒಂದರ ಹಿಂದೊಂದು ಬಾಡಿದವು.

ಹಾಗಾಗಿ ನೀರು ಹೊಯ್ಯುವ ಮೊದಲು ಲೋಟದ ಪರೀಕ್ಷೆ ಮಾಡಿ. ಬಾಡಿದ ಗಿಡದ ಬುಡದ ಕಾಂಡದಿಂದ ಮೂರು ಬೆರಳಗಲದ ತುಂಡನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಅಲುಗಾಡದಂತೆ ಇಟ್ಟು, ತುಂಡಿನ ಕೆಳತುದಿ ನೀರಿಗೆ ತಾಗುವಂತೆ ತೂಗುಹಾಕಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿಯ ಎಳೆ ನಿಧಾನವಾಗಿ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಶಿಲೀಂಧ್ರದಿಂದ ಬಾಡಿದ ಗಿಡದಲ್ಲಿ ಈ ಎಳೆ ಇಳಿಯುವುದಿಲ್ಲ. ಇಳಿಯುವ ಆ ನೂಲಿನಲ್ಲಿರುವುದು ಅಸಂಖ್ಯ ಜೀವಿಗಳು, ಜೊತೆಗೆ ಅವು ಸ್ರವಿಸಿದ ಅಂಟು. ಒಮ್ಮೆ ಕಣ್ಣಾರೆ ಕಂಡವರು ಈ ರೋಗವನ್ನು ಮತ್ತೆ ಹಗುರವಾಗಿ ಎಣಿಸುವುದಿಲ್ಲ.

ರಾಲ್‌ಸ್ಟೋನಿಯಾ ಸೊಲನೇಸಿಯಾರಮ್ ಎಂಬ ಈ ಬ್ಯಾಕ್ಟೀರಿಯಾವನ್ನು ಅಮೆರಿಕದ ಅರ್ವಿನ್ ಸ್ಮಿತ್ 1896ರಲ್ಲಿ ವಿವರಿಸಿದಾಗ ಟೊಮೆಟೊ, ಆಲೂಗಡ್ಡೆಯ ಜೊತೆಗೆ ಬದನೆಯೂ ಅದರ ಬಲಿಪಟ್ಟಿಯಲ್ಲಿತ್ತು. ಮಣ್ಣಿನಲ್ಲಿ ಕಾದು ಕುಳಿತ ಇದು ಬೇರು ಒಸರುವ ರಸದ ಜಾಡು ಹಿಡಿದು ಈಜುತ್ತದೆ. ಕಳೆ ಕೀಳುವಾಗ ಆದ ಗಾಯ, ಜಂತುಹುಳು ಕೊರೆದ ತೂತು, ಕವಲುಬೇರು ಮೂಡುವಲ್ಲಿನ ಬಿರುಕು, ಇವುಗಳಲ್ಲಿ ಯಾವುದಾದರೂ ಅದಕ್ಕೆ ಬಾಗಿಲು.

ಗಿಡಕ್ಕೂ ಕಾವಲು ಉಂಟು. ಎಷ್ಟೋ ಬ್ಯಾಕ್ಟೀರಿಯಾಗಳನ್ನು ಅವುಗಳ ಈಜುಬಾಲದ ಪ್ರೋಟೀನಿನಿಂದಲೇ ಗಿಡ ಗುರುತಿಸಿ ಎಚ್ಚೆತ್ತುಕೊಳ್ಳುತ್ತದೆ. ಆದರೆ ಇದರ ಬಾಲದ ರಚನೆ ಸ್ವಲ್ಪ ಬೇರೆ. ಟೊಮೆಟೊ ಗಿಡಕ್ಕೂ ಅದು ಗುರುತು ಸಿಗುವುದಿಲ್ಲ. ಒಳಹೊಕ್ಕ ಮೇಲೆ ಸೂಜಿಯಂಥ ಅಂಗದಿಂದ ಜೀವಕೋಶಗಳಿಗೆ ತನ್ನ ಪ್ರೋಟೀನುಗಳನ್ನು ಚುಚ್ಚಿ, ಉಳಿದ ಕಾವಲನ್ನೂ ಮಂಕಾಗಿಸುತ್ತದೆ. ನೀರು ಏರುವ ಕೊಳವೆಗಳನ್ನು ಸೇರಿ ಸಂಖ್ಯೆ ಸಾಕಷ್ಟು ಬೆಳೆದ ಮೇಲೆ ಅಂಟು ಸುರಿಸಲು ತೊಡಗುತ್ತದೆ. ಕೊಳವೆ ಕಟ್ಟಿಕೊಂಡ ಗಿಡಕ್ಕೆ ಬುಡದಲ್ಲಿ ನೀರು ನಿಂತಿದ್ದರೂ ಬಾಯಾರಿಕೆ. ಈ ಹಂತದಲ್ಲಿ ಅದನ್ನು ಬದುಕಿಸುವ ಔಷಧಿ ಇಲ್ಲ. ಮಣ್ಣಿನ ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.

ರೋಗ ತಡೆದುಕೊಳ್ಳುವ ಗಿಡದ ಬೇರಿಗೂ ಬ್ಯಾಕ್ಟೀರಿಯಾ ನುಗ್ಗಬಹುದು. ಆದರೆ ಅಲ್ಲಿ ಕೊಳವೆಯ ಗೋಡೆಗೆ ಲಿಗ್ನಿನ್‌ನಂಥ ಗಟ್ಟಿ ಪದಾರ್ಥದ ಲೇಪ ಬಿದ್ದು, ಬಂದದ್ದು ಬಂದಲ್ಲಿಯೇ ಸಿಕ್ಕಿಬೀಳುತ್ತದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ಬದನೆಗಳಿಗೆ ಈ ರೋಗವನ್ನು ತಡೆಯುವ ಶಕ್ತಿ ಇದೆ. ಒಳ್ಳೆಯ ತಳಿಗಳೇ, ಆದರೆ ಅವು ಗುಳ್ಳವಲ್ಲ. ಉಡುಪಿ ಕೃಷ್ಣಮಠದ ಪರ್ಯಾಯೋತ್ಸವದ ಅಡುಗೆಗೂ ಮನೆಯ ಕೊದ್ದೆಲ್ ಎಂಬ ಹುಳಿಗೂ ಕಟಪಾಡಿ ಬಳಿಯ ಮಟ್ಟುವಿನ ಗುಳ್ಳವೇ ಆಗಬೇಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಾಯಿ ಅದು. ಕಾಯಿಯನ್ನು ಬದಲಿಸಲು ನನಗೆ ಮನಸ್ಸಿಲ್ಲ, ಬೇರನ್ನು ಬದಲಿಸಬಹುದು. ಬೇಲಿಬದಿಯಲ್ಲಿ ಬೆಳೆಯುವ ಮುಳ್ಳಿನ ಕುದನೆ, ಅಂದರೆ ಸುಂಡೆಕಾಯಿ ಗಿಡ, ಈ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಕುದನೆ ಬೀಜ ಮೊಳೆಯುವುದು ತಡ. ಅದನ್ನು ಗುಳ್ಳಕ್ಕಿಂತ ಮೂರ್ನಾಲ್ಕು ವಾರ ಮೊದಲೇ ಬಿತ್ತಿ. ಎರಡೂ ಸಸಿಗಳ ಕಾಂಡ ಒಂದೇ ದಪ್ಪವಾದಾಗ ಕಸಿಗೆ ಹದ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕುದನೆಯ ತಲೆಯನ್ನು ಮಣ್ಣಿನಿಂದ ನಾಲ್ಕು ಬೆರಳು ಮೇಲೆ ತೆಗೆದು, ನಡುವೆ ಒಂದು ಸೆಂಟಿಮೀಟರಿನಷ್ಟು ಸೀಳಿ. ಗುಳ್ಳದ ಕುಡಿಯನ್ನು ಎರಡೂ ಬದಿಯಿಂದ ಬೆಣೆಯಂತೆ ಕೊಯ್ದು, ರಸ ಆರುವ ಮೊದಲೇ ಸೀಳಿನೊಳಗೆ ಕೂರಿಸಿ ಕ್ಲಿಪ್ ಹಾಕಿ. ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಬೇಕು; ಕೈ ನಡುಗಿದರೆ ಒಂದು ಕ್ಷಣ ನಿಂತು ಮುಂದುವರಿಯಿರಿ.

ಒಂದು ವಾರ ನೆರಳಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ತೇವ ಆರದಂತೆ ಇಡಿ. ಆಮೇಲೆ ದಿನಕ್ಕಿಷ್ಟು ಎಂದು ಹೊದಿಕೆ ಸರಿಸಿ ಗಾಳಿ, ಬಿಸಿಲು ರೂಢಿಮಾಡಿಸಿ. ಸಾಧ್ಯವಿದ್ದರೆ ಭತ್ತ ಕೊಯ್ದ ಗದ್ದೆಯಲ್ಲಿ, ಏರುಮಡಿ ಮಾಡಿ ನೆಡಿ. ಒಂದು ಗಿಡದ ಬುಡದ ನೀರು ಇನ್ನೊಂದಕ್ಕೆ ಹರಿಯಬಾರದು.

ಕಸಿಯ ಕೆಳಗಿನಿಂದ ಕುದನೆ ಚಿಗುರುತ್ತಲೇ ಇರುತ್ತದೆ, ಕಂಡಾಗಲೆಲ್ಲ ಚಿವುಟಿ. ಬುಡಕ್ಕೆ ಮಣ್ಣು ಏರಿಸುವಾಗ ಕಸಿಯ ಗಂಟು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮುಚ್ಚಿದರೆ ಗುಳ್ಳದ ಕಾಂಡವೇ ಬೇರು ಬಿಟ್ಟು ಮಣ್ಣಿಗಿಳಿಯುತ್ತದೆ, ಬ್ಯಾಕ್ಟೀರಿಯಾ ಆ ಬೇರಿನಿಂದಲೇ ಒಳಗೆ ಬರುತ್ತದೆ.