ಶಿಕ್ಷಕರು ಬರ್ನ್‌ಔಟ್‌ಗೆ ಸಿಲುಕದಂತೆ ಮನಸ್ಸನ್ನು ಕಾಪಾಡಿಕೊಳ್ಳುವ ಬಗೆ

ಒಂದು ರಾತ್ರಿಯ ನಿದ್ದೆಯಿಂದ ಕಳೆಯುವ ಆಯಾಸವೇ ಬೇರೆ, ಕೆಲಸದ ದೀರ್ಘಕಾಲದ ಒತ್ತಡದಿಂದ ಮನಸ್ಸು ಬಳಲಿಹೋಗುವ ಬರ್ನ್‌ಔಟ್ ಬೇರೆ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅವರು ಇದರಲ್ಲಿ ಮೂರು ಮುಖಗಳನ್ನು ಗುರುತಿಸಿದ್ದಾರೆ: ಭಾವನಾತ್ಮಕವಾಗಿ ಬರಿದಾಗುವುದು, ಮಕ್ಕಳ ವಿಷಯದಲ್ಲಿ ಅನಾದರ ಬೆಳೆಯುವುದು, ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲ ಎನಿಸುವುದು. ಇವುಗಳಲ್ಲಿ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದೆಂದು ಮೊದಲು ಗಮನಿಸಿ.

ರಕ್ಷಣೆ ನೀಡುವ ಅಂಶಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ‘ಈ ಮಕ್ಕಳಿಗೆ ಇದನ್ನು ನಾನು ಕಲಿಸಬಲ್ಲೆ’ ಎಂಬ ನಂಬಿಕೆಗೆ. 1977ರಲ್ಲಿ ಈ ಬಗೆಯ ನಂಬಿಕೆಯ ಸಿದ್ಧಾಂತವನ್ನು ಮಂಡಿಸಿದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ಪ್ರಕಾರ, ಅದು ಇತರರ ಪ್ರೋತ್ಸಾಹದ ಮಾತಿಗಿಂತ ಸ್ವತಃ ಮಾಡಿ ಯಶಸ್ಸು ಕಂಡ ಅನುಭವದಿಂದಲೇ ಗಟ್ಟಿಯಾಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವಷ್ಟು ಚಿಕ್ಕ ಗುರಿಯನ್ನು ಇಟ್ಟುಕೊಳ್ಳಿ. ಇಡೀ ತರಗತಿಗೆ ಗಣಿತ ಬರಬೇಕೆಂದು ಹಂಬಲಿಸುವ ಬದಲು, 1/2 ಮತ್ತು 1/3 ಕೂಡಿದರೆ 2/5 ಎಂದು ಬರೆಯುವ ಕೆಲವು ಮಕ್ಕಳನ್ನು ಗುರುತಿಸಿ, ಅವರು ಛೇದಗಳನ್ನೂ ಕೂಡಿಬಿಡುತ್ತಿರುವುದನ್ನು ಆ ವಾರ ತಿದ್ದಿ, ಸೋಮವಾರದ ಮತ್ತು ಶುಕ್ರವಾರದ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಬದಲಾವಣೆ ಕಂಡರೆ ದಿನಚರಿಯಲ್ಲಿ ಬರೆದಿಡಿ. ಕಾಣದಿದ್ದರೆ ವಿಧಾನವನ್ನು ಬದಲಿಸಿ, ನಿಮ್ಮ ಯೋಗ್ಯತೆಯ ಬಗ್ಗೆ ತೀರ್ಪು ಕೊಟ್ಟುಕೊಳ್ಳಬೇಡಿ.

ಎರಡನೆಯದು ಭಾವನೆಗಳ ನಿರ್ವಹಣೆ. ಒಳಗೆ ಸಿಟ್ಟು ಕುದಿಯುತ್ತಿರುವಾಗ ಮುಖದಲ್ಲಿ ನಗು ತಂದುಕೊಂಡು ದಿನವಿಡೀ ಪಾಠ ಮಾಡುವುದು ಮನಸ್ಸನ್ನು ಬಹಳ ದಣಿಸುತ್ತದೆ. ಎದುರು ಮಾತನಾಡಿದ ವಿದ್ಯಾರ್ಥಿಯ ವರ್ತನೆಯನ್ನು ಅವಮಾನವೆಂದು ತಿಳಿಯುವ ಮೊದಲು, ಪಾಠ ಅರ್ಥವಾಗದ ಸಂಕೋಚವೋ ಮನೆಯ ಚಿಂತೆಯೋ ಅದರ ಹಿಂದೆ ಇರಬಹುದೇ ಎಂದು ಯೋಚಿಸಿ. ಹಾಗೆಂದು ತಪ್ಪನ್ನು ಕಡೆಗಣಿಸಬೇಕಿಲ್ಲ. ಅದನ್ನು ತಿದ್ದುವಾಗ ನಿಮ್ಮ ಧ್ವನಿ ತಾನಾಗಿಯೇ ತಗ್ಗಿರುತ್ತದೆ.

ಕಷ್ಟವನ್ನು ಹೇಳಿಕೊಳ್ಳಬಹುದಾದ ಒಬ್ಬ ಸಹೋದ್ಯೋಗಿಯಾದರೂ ಇರಲಿ, ಆದರೆ ಆ ಮಾತು ಬರೀ ದೂರುಗಳಲ್ಲೇ ನಿಲ್ಲದೆ ‘ನಾಳೆ ಏನು ಮಾಡೋಣ’ ಎಂಬಲ್ಲಿಗೆ ತಲುಪಲಿ. ಶಾಲೆ ಬಿಡುವ ಮುನ್ನ ಉಳಿದ ಕೆಲಸವನ್ನೂ ಅದನ್ನು ಮಾಡುವ ಸಮಯವನ್ನೂ ಬರೆದಿಟ್ಟರೆ, ಸಂಜೆ ಅದೇ ಚಿಂತೆ ಮರುಕಳಿಸುವುದು ಕಡಿಮೆಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ರೋಗವೆಂದು ಕರೆಯದೆ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡಕ್ಕೆ ಸಂಬಂಧಿಸಿದ್ದೆಂದು ವಿವರಿಸಿತು. ಆದ್ದರಿಂದ ಹೊರೆಯೇ ಮಿತಿಮೀರಿದ್ದರೆ ಇನ್ನಷ್ಟು ಸಹಿಸಿಕೊಳ್ಳುವ ಬದಲು, ಪಾಠೇತರ ಕೆಲಸಗಳಿಗೆ ವಾರದಲ್ಲಿ ಎಷ್ಟು ಗಂಟೆ ಹೋಗುತ್ತಿದೆಯೆಂದು ಪಟ್ಟಿ ಮಾಡಿ, ಸಹೋದ್ಯೋಗಿಗಳೊಡನೆ ಸೇರಿ ಅದನ್ನು ಮುಖ್ಯೋಪಾಧ್ಯಾಯರ ಮುಂದಿಡಿ.